ಮಗ್ಗದ ಮನೆಗೆ ಬಂದ ಆವಿಕೋಲು

ನಾನು ಬಟ್ಟೆ ಹಿಡಿದು ಒರೆಸಿದ ನೆಲವನ್ನು ನೋಡಿ, ಇದನ್ನು ಯಾರೋ ಒರೆಸಿದ್ದಾರೆ ಎಂದು ಇದುವರೆಗೆ ಒಬ್ಬರೂ ಅನುಮಾನಪಟ್ಟಿಲ್ಲ. ಸಂಕೋಚವಿಲ್ಲದೆ ಹೇಳುತ್ತಿದ್ದೇನೆ, ಏಕೆಂದರೆ ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಮನೆಗೆ ಒಮ್ಮೆ ಬಂದು ಚಾಪೆಯ ಮೇಲೆ ಕೂತವರಿಗೆ ತಾನಾಗಿಯೇ ತಿಳಿಯುತ್ತದೆ. ಕೊಳ್ಳೇಗಾಲದ ತವರಿನಲ್ಲಿ ಅಮ್ಮ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟು, ತಾನೂ ಒಂದು ಬಟ್ಟೆ ಹಿಡಿದು ಹಿಂದೆಯೇ ಬರುತ್ತಿದ್ದಳು. ನಾನು ಮುಂದೆ ಮುಂದೆ ಒರೆಸುತ್ತಾ ಹೋಗುವುದು, ಅವಳು ಹಿಂದೆ ಹಿಂದೆ ಅದನ್ನೇ ಮತ್ತೆ ಒರೆಸುತ್ತಾ ಬರುವುದು. ನಮ್ಮಿಬ್ಬರ ಮೆರವಣಿಗೆ ಅಡುಗೆಮನೆಯಿಂದ ಹೊರಟು ಜಗುಲಿ ಮುಟ್ಟುವ ಹೊತ್ತಿಗೆ ಅಮ್ಮನಿಗೆ ಸಾಕುಸಾಕಾಗಿ, "ಹೋಗೇ ಮಾರಾಯ್ತಿ, ಹೋಗಿ ಓದ್ಕೋ" ಎನ್ನುತ್ತಿದ್ದಳು. ನಾನು ಕನ್ನಡದಲ್ಲಿ ಎಂ.ಎ. ಮಾಡಿದ್ದರ ಹಿಂದಿನ ನಿಜವಾದ ಪ್ರೇರಣೆ ಇದೇ.

ಇಂಥ ನನ್ನನ್ನು ಸೇಲಂನ ಗುಗೈಯಲ್ಲಿದ್ದ ಒಂದು ನೇಕಾರರ ಮನೆಗೆ ಸೊಸೆಯಾಗಿ ಕೊಟ್ಟರು. ಗುಗೈಯ ಬೀದಿಯಲ್ಲಿ ಸುಮ್ಮನೆ ನಡೆದು ಹೋದರೂ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬಂದು ನಮ್ಮ ಹೆಜ್ಜೆಗೆ ತಾಳ ಹಾಕುತ್ತದೆ. ಬೋರ್ಡುಗಳೆಲ್ಲ ತಮಿಳು, ಪೇಪರು ತಮಿಳು, ಇಸ್ಕೂಲು ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಮಾತು ಕನ್ನಡ. ಆದರೆ ಕನ್ನಡ ಓದಲು ಬರೆಯಲು ಬರುವವಳು ಆ ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಹೊಸದರಲ್ಲಿ ನನಗೆ ಒಂದು ಮರ್ಯಾದೆ ಇತ್ತು. "ನಮ್ಮ ಸೊಸೆ ಕನ್ನಡದಾಗೆ ದೊಡ್ಡ ಪಡಿಪ್ಪು ಪಡಿಚವ್ಳೆ" ಎಂದು, ಅಂದರೆ ದೊಡ್ಡ ಓದು ಓದಿದ್ದಾಳೆಂದು, ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು. ನಾನು ನೆಲ ಒರೆಸುವುದನ್ನು ನೋಡಿದ ಮೇಲೆ ಆ ಮಾತನ್ನೇನೂ ನಿಲ್ಲಿಸಲಿಲ್ಲ. ಕೊನೆಯಲ್ಲಿ "ಅದ್ಕೇ ಇಂಗೆ" ಎಂದು ಸೇರಿಸಿದರು, ಅಷ್ಟೇ.

ಅತ್ತೆಯ ಹೆಸರು ಚೌಡಮ್ಮ. ಅವರು ನೆಲ ಒರೆಸುವುದನ್ನು ನೀವು ನೋಡಬೇಕಿತ್ತು. ಕುಕ್ಕರಗಾಲಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಬಟ್ಟೆ ಹಿಡಿದು ಅರ್ಧ ಚಂದ್ರ ಬರೆದಂತೆ ಎಳೆದು, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಅರ್ಧ ಚಂದ್ರ. ಎಲ್ಲೂ ನೀರು ನಿಲ್ಲುವುದಿಲ್ಲ, ಎಲ್ಲೂ ಒಣ ಜಾಗ ಬಿಟ್ಟುಹೋಗುವುದಿಲ್ಲ. ಕೆಂಪು ಕಾವಿಯ ಆ ನೆಲದಲ್ಲಿ ಮೇಲಿನ ಟ್ಯೂಬ್‌ಲೈಟು ನೆಟ್ಟಗೆ ಕಾಣುತ್ತಿತ್ತು. ನಾನು ಒರೆಸಿದ ದಿನ ಅದೇ ಟ್ಯೂಬ್‌ಲೈಟು ಐದಾರು ತುಂಡಾಗಿ ಕಾಣುತ್ತಿತ್ತು.

ನೇಕಾರರ ಮನೆಯ ಕೊಳೆ ಬೇರೆಯವರ ಮನೆಯ ಕೊಳೆಯಂತಲ್ಲ ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಬೇರೆ ಮನೆಗಳಲ್ಲಿ ಧೂಳು, ಎಣ್ಣೆ, ಸಾರಿನ ಹನಿ ಇಷ್ಟೇ. ನಮ್ಮಲ್ಲಿ ಗಂಜಿ. ಮಗ್ಗಕ್ಕೆ ಕಟ್ಟುವ ಉದ್ದನೆಯ ನೂಲಿಗೆ ನಮ್ಮವರು ಪಾವು ಎನ್ನುತ್ತಾರೆ. ಅದು ಹರಿಯದೆ ಬಿಗಿಯಾಗಿ ನಿಲ್ಲಲಿ ಎಂದು ಅಕ್ಕಿ ಗಂಜಿ ಬಳಿದು, ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬ್ರಷ್ಷಿನಲ್ಲಿ ತೀಡಿ ಒಣಗಿಸುತ್ತಾರೆ. ಪಾವು ಬೀದಿಯಲ್ಲಿ ಇರುವಷ್ಟು ಹೊತ್ತು ಆ ಬೀದಿಯ ಯಾವ ಹೆಂಗಸೂ ಪೊರಕೆ ಮುಟ್ಟುವಂತಿಲ್ಲ, ಧೂಳೆದ್ದು ಹಸಿ ಗಂಜಿಗೆ ಅಂಟುತ್ತದೆ. (ನನಗೆ ಗುಗೈ ಮೊದಲ ನೋಟಕ್ಕೇ ಹಿಡಿಸಿದ್ದು ಈ ಕಟ್ಟಳೆಯಿಂದ.) ಆದರೆ ಆ ಗಂಜಿ ಬೀದಿಯಲ್ಲೇ ಇರುವುದಿಲ್ಲವಲ್ಲ, ಕೊಡದ ಜೊತೆ, ಕಾಲಿನ ಜೊತೆ, ಬ್ರಷ್ಷಿನ ಜೊತೆ ಒಳಗೆ ಬರುತ್ತದೆ. ನೆಲಕ್ಕೆ ಬೀಳುತ್ತದೆ. ಅದರ ಮೇಲೆ ನೂಲಿನ ನವಿರು ಬೀಳುತ್ತದೆ. ಎರಡೂ ಸೇರಿ ಒಣಗಿದರೆ ಮುಗಿಯಿತು, ತೆಂಗಿನ ಚಿಪ್ಪು ಹಿಡಿದು ಕೆರೆಯಬೇಕು. ಅದನ್ನು ತಿನ್ನಲು ಜಿರಲೆಗಳು ಎಲ್ಲೆಲ್ಲಿಂದಲೋ ನೆಂಟರ ಹಾಗೆ ಬರುತ್ತವೆ.

ಇದರಲ್ಲೂ ಮಗ್ಗದ ಮನೆಯದು ಬೇರೆಯೇ ಕತೆ. ಮಗ್ಗದ ಮನೆಯೆಂದರೆ ನಮ್ಮ ಮನೆಯೊಳಗಿನ ಒಂದು ಉದ್ದನೆಯ ಕೋಣೆ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲಿಳಿಸಿ ಮಾವ ನೇಯಲು ಕೂರುತ್ತಾರೆ, ಅವರ ಮುಂದೆ ನೆಲದಿಂದ ಒಂದು ಮೊಳ ಎತ್ತರದಲ್ಲಿ ಪಾವು ಕೋಣೆಯುದ್ದಕ್ಕೂ ಹರಡಿರುತ್ತದೆ. ದಿನಾ ಬೆಳಿಗ್ಗೆ ಮೊದಲ ಸಲ ಲಾಳಿ ಎಸೆಯುವ ಮುಂಚೆ ಆ ಕೋಣೆಯ ನೆಲ ಒರೆಸಿ, ಗೂಡಿನಲ್ಲಿ ದೀಪ ಹಚ್ಚಬೇಕು. ಒರೆಸಬೇಕಾದವಳು ಆ ಮನೆಯ ಹಿರಿಯ ಹೆಂಗಸು. ಬೇರೆ ಯಾರೂ ಅಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ನಮ್ಮ ಬೀದಿಯಲ್ಲಿ ಯಾವುದೂ ಬರೆದಿಲ್ಲ. ಆ ಒರೆಸುವ ಬಟ್ಟೆ ಯಾರ ಕೈಯಲ್ಲಿ ಇದೆಯೋ ಮನೆಯ ಯಜಮಾನಿಕೆ ಅವರದು. ಸೊಸೆಯಂದಿರು ಅಡುಗೆ ಮಾಡಬಹುದು, ಮಕ್ಕಳು ಹೆರಬಹುದು, ನನ್ನ ಹಾಗೆ ಎಂ.ಎ. ಕೂಡ ಮಾಡಿರಬಹುದು. ಮಗ್ಗದ ಮನೆಯ ನೆಲ ಮಾತ್ರ ಅತ್ತೆಯದು.

ಹೀಗಿರುವಾಗ ಅತ್ತೆಯ ಮಂಡಿ ಕೈಕೊಟ್ಟಿತು. ಎರಡು ವರ್ಷದ ಹಿಂದಿನ ಮಾತು. ಮೊದಲು ಎಣ್ಣೆ ತಿಕ್ಕಿಸಿಕೊಂಡರು, ಆಮೇಲೆ ಸೊಪ್ಪು ಕಟ್ಟಿಸಿಕೊಂಡರು, ಕೊನೆಗೆ ನನ್ನ ಗಂಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನನ್ನ ಗಂಡನದು ಸಣ್ಣದೊಂದು ಔಷಧಿ ಅಂಗಡಿ, ಹಾಗಾಗಿ ಮಾತ್ರೆಗೆ ಕೊರತೆಯಿರಲಿಲ್ಲ. ಡಾಕ್ಟರು ಮಾತ್ರೆಯ ಜೊತೆಗೆ ಇನ್ನೊಂದು ಹೇಳಿ ಕಳಿಸಿದರು: ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರಬಾರದು, ನೆಲ ಒರೆಸುವುದನ್ನು ಸೊಸೆಗೆ ಬಿಟ್ಟುಬಿಡಿ.

ಅತ್ತೆ ಮಾತ್ರೆ ನುಂಗಿದರು, ಮಾತು ನುಂಗಲಿಲ್ಲ. ಉಳಿದ ಕೋಣೆಗಳನ್ನೇನೋ ನನಗೆ ಬಿಟ್ಟರು, ಕಣ್ಣು ಮುಚ್ಚಿಕೊಂಡು. ಮಗ್ಗದ ಮನೆಯನ್ನು ಮಾತ್ರ ಕೂತೇ ತೆವಳುತ್ತಾ ಒರೆಸುತ್ತಿದ್ದರು. ಒಳಗಿನಿಂದ "ಅಮ್ಮಾ, ಅಯ್ಯೋ ಸಾಮಿ" ಎಂಬ ನರಳಿಕೆ ಕೇಳಿಸುತ್ತಿತ್ತು. ನಾನು ಬಾಗಿಲಲ್ಲಿ ನಿಂತು, "ಅತ್ತೆ, ಕೊಡಿ ನಾನು ಒರೆಸ್ತೀನಿ" ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಸಲ ಮಾತ್ರ ಹೇಳಿದರು. "ಲೇ ಸುಶೀಲಾ, ನಮ್ಮತ್ತೆ ಈ ಬಟ್ಟೆನ ನನ್ನ ಕೈಗೆ ಕೊಟ್ಟ ವರ್ಸಾನೇ ತೀರ್ಕೊಂಡ್ರು. ಕೊಟ್ಟ ದಿನದಿಂದ ಆವಮ್ಮ ಜಗುಲಿ ಮೇಲೆ ನೆಂಟ್ರ ತರ ಕುಂತಿತ್ತು. ಯಾರೂ ಒಂದು ಮಾತು ಕೇಳ್ತಿರ್ಲಿಲ್ಲ. ನಂಗೆ ಅಂಗೆ ಕುಂತ್ಕಳಾಕೆ ಆಗಾಕಿಲ್ಲ."

ಅದರ ಮೇಲೆ ನಾನು ಕೇಳುವುದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ ನನಗೂ ಆ ಅಧಿಕಾರ ಬೇಕಿರಲಿಲ್ಲ. ಯಜಮಾನಿಕೆ ಅಂದರೆ ಬೀಗದಕೈ ಗೊಂಚಲು, ಎಲೆಅಡಿಕೆ ತಟ್ಟೆ ಅಂತೆಲ್ಲ ಅಂದುಕೊಂಡಿದ್ದೆ; ಅದು ಒದ್ದೆ ಬಟ್ಟೆಯ ರೂಪದಲ್ಲಿ ಬರುತ್ತದೆಂದು ಯಾರು ಕಂಡಿದ್ದರು?

ಇಂಥ ಸಮಯದಲ್ಲಿ ನನ್ನ ನಾದಿನಿ ಸರೋಜ ರಜಕ್ಕೆ ಬಂದಳು. ಅವಳ ಗಂಡನಿಗೆ ಸಿಂಗಾಪುರದಲ್ಲಿ ಕೆಲಸ. ಪ್ರತಿಸಲ ಬರುವಾಗ ಸೆಂಟು, ತಲೆನೋವಿನ ಎಣ್ಣೆ, ಹಿಂಬದಿ ಒತ್ತಿದರೆ ಉರಿಯುವ ಟಾರ್ಚು ಇಂಥವು ಬರುತ್ತಿದ್ದವು. ಈ ಸಲ ಅವಳು ಒಂದು ಉದ್ದನೆಯ ಪೆಟ್ಟಿಗೆಯನ್ನು ಮಗುವಿನಂತೆ ಅವುಚಿಕೊಂಡು ಆಟೋದಿಂದ ಇಳಿದಳು. "ಅಮ್ಮನ ಮಂಡಿಗೆ" ಎಂದಳು. ನಾವೆಲ್ಲ ಮಂಡಿಗೆ ಕಟ್ಟುವ ಪಟ್ಟಿ ಇರಬೇಕು ಅಂದುಕೊಂಡೆವು. ಬಿಚ್ಚಿದರೆ ಒಂದು ಕೋಲು. ಕೋಲಿನ ನಡುವಿಗೆ ನೀರು ತುಂಬುವ ಡಬ್ಬಿ, ತುದಿಯಲ್ಲಿ ಮೂರು ಮೂಲೆಯ ಚಪ್ಪಟೆ ಪಾದ, ಪಾದಕ್ಕೆ ತೊಡಿಸಲು ಟರ್ಕಿ ಟವೆಲ್ಲಿನಂಥ ಬಟ್ಟೆ, ಹಿಂದೆ ಉದ್ದನೆಯ ವೈರು. ಡಬ್ಬಿಗೆ ನೀರು ಹಾಕಿ ಕರೆಂಟು ಕೊಟ್ಟರೆ ನೀರು ಕಾದು ಆವಿಯಾಗಿ ಪಾದದ ಬಟ್ಟೆಯೊಳಗಿಂದ ಬರುತ್ತದೆ. ಕೋಲು ಹಿಡಿದು ನಿಂತುಕೊಂಡೇ ನೂಕಿದರೆ ನೆಲ ಒರೆಸಿದ ಹಾಗೆ. ಅಷ್ಟೇ ಅಲ್ಲ, ಕುತ್ತಿಗೆಯ ಬಳಿ ಒಂದು ಗುಂಡಿ ಒತ್ತಿದರೆ ಕೋಲೂ ಪಾದವೂ ಕಳಚಿಕೊಂಡು ಡಬ್ಬಿ ಮಾತ್ರ ಕೈಗೆ ಬರುತ್ತದೆ. ಅದಕ್ಕೆ ಕೊಕ್ಕಿನಂಥ ಮೂತಿ ಸಿಕ್ಕಿಸಿದರೆ ಕಿಟಕಿ, ಒಲೆ, ನಲ್ಲಿ ಎಲ್ಲ ತೊಳೆಯಬಹುದು. ಸರೋಜ ಅದರ ಇಂಗ್ಲಿಷ್ ಹೆಸರು ಹೇಳಿದಳು. ಅತ್ತೆ ಅದನ್ನು ಒಂದು ಸಲ ನಾಲಗೆಯ ಮೇಲೆ ಹೊರಳಿಸಿ ನೋಡಿ, ಬೇಡವೆಂದು, "ಆವಿಕೋಲು" ಎಂದರು. ಹೆಸರು ನಿಂತಿತು.

ಆವಿಕೋಲಿನ ಪ್ಲಗ್ಗಿಗೆ ಮೂರು ದಪ್ಪ ಚೌಕ ಹಲ್ಲುಗಳು. ನಮ್ಮ ಗೋಡೆಯ ತೂತುಗಳು ಗುಂಡಗೆ. ನನ್ನ ಗಂಡ ಬಜಾರಿನಿಂದ ಹೊಸ ಪ್ಲಗ್ಗು ತಂದು ಜೋಡಿಸಿದರು. ಸ್ವಿಚ್ಚು ಹಾಕಿದೆವು. ಫ್ಯೂಸು ಹೋಯಿತು. ಫ್ಯೂಸ್ ಕಟ್ಟಿದರು, ಮತ್ತೆ ಹೋಯಿತು. "ಇದು ಒರೆಸೋ ಮಿಷಿನ್ನಾ, ಕರಂಟ್ ಕುಡಿಯೋ ಮಿಷಿನ್ನಾ?" ಎಂದು ಮಾವ ಜಗುಲಿಯಿಂದ ಕೇಳಿದರು. ಕೊನೆಗೆ ಗ್ರೈಂಡರಿಗೆಂದು ಹಾಕಿಸಿದ್ದ ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿದಾಗ ಕೆಂಪು ದೀಪ ಹತ್ತಿತು, ಒಳಗೆ ಏನೋ ಗೊಣಗಿತು, ಆಮೇಲೆ ಪಾದದ ಸುತ್ತ ಬಿಳಿ ಆವಿ ಬುಸ್ಸೆಂದು ಹೊರಟಿತು. ಎದುರುಮನೆಯ ಲಕ್ಷ್ಮಕ್ಕ ಬಾಗಿಲಲ್ಲೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, "ಏನಮ್ಮಾ, ನೆಲಕ್ಕೇ ಇಡ್ಲಿ ಬೇಯ್ಸ್ತೀರಾ?" ಎಂದಳು.

ಅವಳ ಮಾತಿನಲ್ಲಿ ತಪ್ಪೇನಿಲ್ಲ. ಆವಿಯೆಂದರೆ ನಮ್ಮ ಜನಕ್ಕೆ ಒಂದು ಇಡ್ಲಿಗೆ, ಇನ್ನೊಂದು ನೆಗಡಿಗೆ. ಮೂರನೆಯದು ರೈಲಿಗೆ ಇತ್ತು, ಆ ಕೆಲಸದಿಂದ ಅದಕ್ಕೆ ಎಂದೋ ನಿವೃತ್ತಿಯಾಗಿದೆ. ಬೆಟ್ಟಗುಡ್ಡ ಹತ್ತಿ ಅಷ್ಟು ದೊಡ್ಡ ಗಾಡಿ ಎಳೆದ ಪ್ರತಾಪಶಾಲಿಗೆ ವಯಸ್ಸಾದ ಮೇಲೆ ನಮ್ಮ ಅಡುಗೆಮನೆಯ ಮೂಲೆ ಒರೆಸುವ ಕೆಲಸ ಸಿಕ್ಕಿತಲ್ಲ ಎಂದು ನನಗೆ ಅದರ ಮೇಲೆ ಸ್ವಲ್ಪ ಕನಿಕರವೂ ಆಯಿತು. ಕನಿಕರ ಬಹಳ ಹೊತ್ತು ನಿಲ್ಲಲಿಲ್ಲ. ನೀರಿನ ಕೊಡ ಇಳಿಸುವ ಜಾಗದಲ್ಲಿ ಯಾವ ಕಾಲದ್ದೋ ಗಂಜಿ ಕಲ್ಲಾಗಿ ಕೂತಿತ್ತು. ಚಿಪ್ಪಿಗೂ ಬಗ್ಗದೆ, ಅತ್ತೆಯೂ ಕೈಬಿಟ್ಟಿದ್ದ ಕಲೆ ಅದು. ಅದರ ಮೇಲೆ ಆವಿಕೋಲಿನ ಪಾದ ಇಟ್ಟು ಸುಮ್ಮನೆ ನಿಂತೆ. ತೆಗೆದು ನೋಡಿದರೆ ಗಂಜಿ ಮೆತ್ತಗಾಗಿ, ಅನ್ನದ ಅಗುಳಿನ ಹಾಗೆ ಬೆಳ್ಳಗೆ ಉಬ್ಬಿ, ಬಟ್ಟೆಗೆ ಅಂಟಿಕೊಂಡು ಬಂದುಬಿಟ್ಟಿತು. ಕೆಳಗೆ ಕೆಂಪು ನೆಲ ಹೊಚ್ಚ ಹೊಸದು! ನಾನು ಕಿರುಚಿಕೊಂಡೆ. ಬದುಕಿನಲ್ಲಿ ಮೊದಲ ಸಲ ನಾನು ಒರೆಸಿದ ನೆಲ ಒರೆಸಿದ ಹಾಗೆ ಕಂಡಿತ್ತು.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಕೋಲು ಕಳಚಿ ಕೊಕ್ಕು ಸಿಕ್ಕಿಸಿ ಒಲೆಯ ಬರ್ನರಿನ ಸುತ್ತ ಬಿಟ್ಟೆ, ಎಣ್ಣೆಯ ಜಿಡ್ಡು ಕಣ್ಣೀರಿಟ್ಟು ಇಳಿಯಿತು. ಕಿಟಕಿಯ ಸರಳು, ಬಚ್ಚಲ ನಲ್ಲಿ, ದೇವರ ಗೂಡಿನ ಮಸಿ, ಗ್ರೈಂಡರಿನ ಸಂದು. ಕನ್ನಡಿಗೆ ಹಿಡಿದೆ, ಒರೆಸಿದೆ, ನನ್ನ ಮುಖ ಇದ್ದಕ್ಕಿಂತ ಸ್ಪಷ್ಟವಾಗಿ ಕಂಡಿತು, ಅದೊಂದು ಬೇಡವಾಗಿತ್ತು. ಗಂಡನ ಜುಬ್ಬಕ್ಕೆ ಬಿಟ್ಟು ಸುಕ್ಕು ಬಿಡಿಸಿದೆ. ಸೋಪಿಲ್ಲ, ಪುಡಿಯಿಲ್ಲ, ಫಿನಾಯಿಲ್ ಇಲ್ಲ, ಬರೀ ನೀರು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುವ ಮೇಟೂರಿನ ಕಾವೇರಿ ನೀರನ್ನೇ ಅದಕ್ಕೆ ಹಾಕಬೇಕೆಂದು ಸರೋಜ ಹೇಳಿದ್ದಳು, ಬೋರಿನ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದಂತೆ. ಹಾಗಾಗಿ ಮನುಷ್ಯರು ಬೋರಿನ ನೀರು ಕುಡಿದು ಆವಿಕೋಲಿಗೆ ಕಾವೇರಿ ಎತ್ತಿಟ್ಟೆವು.

ಮೇಚೇರಿಯಿಂದ ಅತ್ತೆಯ ತಂಗಿ, ಕುರಿ ಸಾಕುವ ಬೇಸಾಯದ ಮನೆಯವರು, ಒಂದು ಮಧ್ಯಾಹ್ನ ಕಡಲೆಕಾಯಿ ಚೀಲ ಹೊತ್ತು ಬಂದಿದ್ದಾಗ ಇದನ್ನೆಲ್ಲ ನೋಡಿ ಬೆರಗಾದರು. ನಾನು ಉತ್ಸಾಹದಿಂದ "ನೀವೂ ಒಂದು ತರಿಸ್ಕೊಳ್ಳಿ ಚಿಕ್ಕತ್ತೆ" ಎಂದೆ. "ನಮ್ದು ಸಗಣಿ ನೆಲ ಕಣವ್ವಾ. ಇದು ಬಿಟ್ರೆ ಕೊಳೆ ಜೊತೆ ನೆಲಾನೂ ಎದ್ದೋಗ್ತದೆ" ಎಂದರು. ಪ್ರತಿಯೊಂದು ನೆಲಕ್ಕೂ ಅದರದೇ ಆರೈಕೆ ಇರುತ್ತದೆ ಎಂದು ನನಗೆ ಹೊಳೆದದ್ದು ಆಗ. ಗುಡಿಸು, ಸಾರಿಸು, ಬಳಿ, ತೊಳೆ, ಒರೆಸು. ನೆಲಕ್ಕೆಂದೇ ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ. ನೆಟ್ಟಗೆ ನಿಂತುಕೊಂಡು ಮಾಡುವಂಥದ್ದು ಅದರಲ್ಲಿ ಒಂದೂ ಇಲ್ಲ. ಹೊಸಿಲ ರಂಗೋಲಿಯನ್ನು ಹಾಡಿ ಹೊಗಳಿದ ಕವಿಗಳನ್ನು ನಾನು ಎಂ.ಎ.ಗೆ ಓದಿದ್ದೇನೆ. ಅದರ ಕೆಳಗಿನ ನೆಲ ಸಾರಿಸಿ ಸೊಂಟ ಹಿಡಿದುಕೊಂಡು ಎದ್ದವಳ ಬಗ್ಗೆ ಪರೀಕ್ಷೆಗೆ ಏನೂ ಬರಲಿಲ್ಲ.

ಅತ್ತೆ ಮೊದಲು ಆವಿಕೋಲಿನ ಕಡೆ ಮೂತಿ ತಿರುವಿದರು. "ನಿಂತ್ಕಂಡು ನೆಲ ಒರೆಸೋದಾ? ಭೂಮ್ತಾಯಿ ಮುಂದೆ ಬಗ್ಗಬ್ಯಾಡ್ವಾ?" ಆದರೆ ಕಲ್ಲಾಗಿದ್ದ ಗಂಜಿ ಎದ್ದು ಬಂದ ಜಾಗವನ್ನು ಅವರು ಮೂರು ಸಲ ಹೋಗಿ ಕಾಲಿನ ಹೆಬ್ಬೆಟ್ಟಿನಲ್ಲಿ ಉಜ್ಜಿ ನೋಡಿದ್ದನ್ನು ನಾನು ಕಂಡೆ. ನಾನು ಸಂತೆಗೆ ಹೋಗಿದ್ದ ಒಂದು ಶುಕ್ರವಾರ ಯಾರಿಗೂ ಹೇಳದೆ ತಾವೇ ಹಿಡಿದು ನೋಡಿದರು. ಶುಕ್ರವಾರ ನಮ್ಮಲ್ಲಿ ಅರಿಸಿನದ ನೀರಲ್ಲಿ ನೆಲ ಒರೆಸುವುದು ಪದ್ಧತಿ. ಪದ್ಧತಿ ಬಿಡುವುದುಂಟೇ? ಡಬ್ಬಿಗೆ ಅರಿಸಿನ ಕದಡಿದ ನೀರು ಹುಯ್ದಿದ್ದಾರೆ. ನಾನು ಬರುವ ಹೊತ್ತಿಗೆ ಆವಿಕೋಲು ಹಳದಿ ಹಳದಿಯಾಗಿ ಕೆಮ್ಮುತ್ತಾ ಗೋಡೆ, ಕಂಬ, ಅತ್ತೆಯ ಸೀರೆ ಎಲ್ಲದಕ್ಕೂ ಎರಚುತ್ತಿತ್ತು. ಅತ್ತೆ ಮದುಮಗಳ ಹಾಗೆ ಅರಿಸಿನ ಮೆತ್ತಿಕೊಂಡು, ಕೋಲು ಬಿಡದೆ, "ಇದ್ಕೇನೋ ಬಂದೈತೆ ಕಣೇ!" ಎಂದು ಕೂಗುತ್ತಿದ್ದರು.

ಗಂಡ ಸೂಜಿ ಹಾಕಿ ಅದರ ಮೂತಿಯ ಅರಿಸಿನ ತೆಗೆದರು. ನಾನು ನಕ್ಕೂ ನಕ್ಕೂ ಸುಸ್ತಾದೆ. ಅತ್ತೆ ಕೂಡ ನಕ್ಕರು, ಆದರೆ ಸೀರೆ ಬದಲಾಯಿಸಿ ಬಂದವರು ಗಂಭೀರವಾಗಿ ಕೇಳಿದ್ದು ಒಂದೇ: "ಸುಶೀಲಾ, ಇದು ಮಗ್ಗದ ಮನೇಲಿ ಓಡ್ತದಾ?"

ಎಷ್ಟು ಸುಲಭ! ಕುಕ್ಕರಗಾಲು ಬೇಡ, ತೆವಳುವುದು ಬೇಡ, ಬಟ್ಟೆಯ ಬದಲು ಕೋಲು. ಅತ್ತೆಯ ನೆಲ ಅತ್ತೆಗೇ ಉಳಿಯುತ್ತದೆ. ಓಡಿಹೋಗಿ ಮಾವನಿಗೆ ಹೇಳಿದೆವು.

ಮಾವ ಲಾಳಿ ನಿಲ್ಲಿಸಿದರು. "ವೇಂಡಾಂ" ಎಂದರು. ಮಾವ ಕೋಪ ಬಂದರೆ ತಮಿಳಿಗೆ ಹೋಗುತ್ತಾರೆ.

"ಯಾಕೆ ಮಾವ?"

"ಕೊಡದ ಜಾಗದಾಗೆ ಗಂಜಿ ಎದ್ದು ಬಂತು ಅಂತ ಕುಣಿದ್ಯಲ್ಲಮ್ಮಾ, ಅದೇ ಗಂಜಿ ತಾನೆ ನನ್ನ ಪಾವಿನಾಗೆ ಇರೋದು? ಕಲ್ಲಾಗಿದ್ದ ಗಂಜಿನೇ ಕರಗಿಸೋ ಆವಿ, ನನ್ನ ನೂಲ ಸುಮ್ಕೆ ಬಿಡ್ತದಾ? ಗಂಜಿ ಬಿಟ್ರೆ ಪಾವು ಜೋತು ಬೀಳ್ತದೆ. ಆಮೇಲೆ ಎಳೆಗೊಂದು ಗಂಟು ಹಾಕ್ತಾ ಕುಂತಿರ್ಬೇಕು. ಬ್ಯಾಡ."

ಮನೆಯವರಿಗೆ, ಬೀದಿಯವರಿಗೆ, ಮೇಚೇರಿಯವರಿಗೆ ಆವಿಕೋಲಿನ ಮಹಿಮೆ ಸಾರಿದವಳು ನಾನೇ. ಅದರ ಯಾವ ಗುಣವನ್ನು ನಾನು ಹಾಡಿ ಹೊಗಳಿದ್ದೆನೋ ಅದೇ ಗುಣ ಅದನ್ನು ಮಗ್ಗದ ಮನೆಯ ಹೊಸಿಲಲ್ಲಿ ನಿಲ್ಲಿಸಿತು. ಪಾವು ಹಾಳಾದರೆ ಏನಾಗುತ್ತದೆಂದು ನನಗಿಂತ ಅತ್ತೆಗೆ ಗೊತ್ತು. ಮರುದಿನ ಬೆಳಿಗ್ಗೆ ಮತ್ತೆ ಬಟ್ಟೆ ಹಿಡಿದು ತೆವಳಲು ಶುರುಮಾಡಿದರು.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಮಗ್ಗದ ಮನೆಯಿಂದ ನರಳಿಕೆ ಕೇಳಿಸಲಿಲ್ಲ. ಅದು ಕೇಳಿಸದಿದ್ದದ್ದಕ್ಕೇ ನನಗೆ ಗಾಬರಿಯಾಗಿ ಒಳಗೆ ಹೋದೆ. ಅತ್ತೆ ಪಾವಿನ ಕೆಳಗೆ ಅರ್ಧ ದೇಹ ತೂರಿಸಿ, ಒಂದು ಕೈ ಊರಿಕೊಂಡು, ಹಾಗೇ ಸಿಕ್ಕಿಕೊಂಡುಬಿಟ್ಟಿದ್ದರು. ಮುಂದೆ ಹೋಗಲು ಆಗದು, ಹಿಂದೆ ಬರಲು ಆಗದು. ತಲೆ ಎತ್ತಿದರೆ ಪಾವಿಗೆ ತಾಗುತ್ತದೆಂದು ಆ ನೋವಿನಲ್ಲೂ ತಲೆ ತಗ್ಗಿಸಿಯೇ ಇದ್ದರು. ಕಣ್ಣೀರು ಒರೆಸಿದ ನೆಲದ ಮೇಲೆ ಬೀಳುತ್ತಿತ್ತು. ನಾನೂ ನನ್ನ ಗಂಡನೂ ಹಿಡಿದು ಮೆಲ್ಲಗೆ ಈಚೆಗೆ ಎಳೆದು ಗೋಡೆಗೆ ಒರಗಿಸಿದೆವು. ಮಾವ ಬಾಗಿಲಲ್ಲಿ ಬಂದು ನಿಂತರು. ಅತ್ತೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ನನ್ನ ತೊಡೆಯ ಮೇಲೆ ಇಟ್ಟರು.

"ನಾಳೆಯಿಂದ ನೀನೇ ನೋಡ್ಕಳಮ್ಮ" ಎಂದರು.

ಎಂ.ಎ. ಸರ್ಟಿಫಿಕೇಟನ್ನೂ ನಾನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

ಮರುದಿನ ಮಗ್ಗದ ಮನೆಯನ್ನು ನಾನು ಒರೆಸಿದೆ. ಹೇಗೆ ಒರೆಸಿದೆನೆಂದು ಹೇಳುವುದು ಬೇಡ. ದೀಪ ಹಚ್ಚಿ ಈಚೆಗೆ ಬಂದರೆ ಅತ್ತೆ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಬೀದಿಯಲ್ಲಿ ಪಾವು ಎಳೆಯುತ್ತಿದ್ದರು. ಯಾವಾಗಲೂ ಅದನ್ನು ನೋಡಿ ನಾಲ್ಕು ಬುದ್ಧಿವಾದ ಹೇಳುತ್ತಿದ್ದವರು ಅಂದು ಸುಮ್ಮನೆ ನೋಡುತ್ತಿದ್ದರು. ಸಾರಿಗೆ ಎಷ್ಟು ಉಪ್ಪು ಎಂದು ಕೇಳಿದರೆ "ನಿಂಗೆ ಗೊತ್ತಲ್ಲ" ಎಂದರು. ಲಕ್ಷ್ಮಕ್ಕ ಬಂದು ಯಾವ ಬಣ್ಣದ ಸೀರೆ ತೆಗೆದುಕೊಳ್ಳಲಿ ಎಂದು ಕೇಳಿದರೆ "ಸುಶೀಲನ ಕೇಳು" ಎಂದರು. ಊಟಕ್ಕೆ ಕರೆದಾಗ "ಎಲ್ರದೂ ಆಗ್ಲಿ" ಎಂದರು. ನೆಂಟರ ಹಾಗೆ! ನನಗೆ ಅಳು ಬಂತು. ಅಡುಗೆಮನೆಯಲ್ಲಿ ಆವಿಕೋಲು ಗೋಡೆಗೊರಗಿ ನಿಂತಿತ್ತು, ಅದರ ಮೇಲೂ ಸಿಟ್ಟು ಬಂತು. ಎಲ್ಲವನ್ನೂ ತೊಳೆಯುತ್ತೀ, ಇದೊಂದು ಮಾಡಲಾರೆಯಾ ಎಂದುಕೊಂಡೆ.

ಹೀಗೆ ಎರಡು ಮೂರು ದಿನ. ಮಾವನ ಮಗ್ಗದ ಸದ್ದೂ ಸರಿಯಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವರು ಅಡುಗೆಮನೆಗೆ ಬಂದು ಬಾಗಿಲಲ್ಲಿ ಕೆಮ್ಮಿದರು. ಮಾವ ಅಡುಗೆಮನೆಗೆ ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೈಯಲ್ಲಿ ಗಂಜಿ ಹಾಕಿ ಒಣಗಿಸಿದ ಒಂದು ಹಿಡಿ ನೂಲು.

"ಆ ಕೋಲು ಆನ್ ಮಾಡಮ್ಮಾ" ಎಂದರು.

ಮಾಡಿದೆ. ಎರಡು ಸ್ಟೂಲುಗಳ ನಡುವೆ, ನೆಲದಿಂದ ಒಂದು ಮೊಳ ಎತ್ತರಕ್ಕೆ ನೂಲನ್ನು ಬಿಗಿಯಾಗಿ ಕಟ್ಟಿದರು. "ಈಗ ಪಕ್ಕದಾಗೆ ಒರೆಸು." ಒರೆಸಿದೆ. ಬಂದು ನೂಲು ಮೀಟಿ ನೋಡಿದರು. ಬಿಗಿ ಹಾಗೇ ಇತ್ತು. "ಇನ್ನೂ ಅತ್ರ." ಹತ್ತಿರ ಒರೆಸಿದೆ. ಮೀಟಿದರು. ಬಿಗಿ ಇತ್ತು. "ಈಗ ಕೆಳಗೆ ಬಿಡು." ನೂಲಿನ ನೇರ ಕೆಳಗೆ ಪಾದ ಆಡಿಸಿದೆ. ಮೀಟಿದರು, ಬೆರಳಿಗೆ ಬೆರಳು ಉಜ್ಜಿಕೊಂಡರು. ಅಂಟು. "ಊಂ" ಎಂದರು. ನೂಲು ಬಿಚ್ಚಿಕೊಂಡು ಹೊರಟೇಹೋದರು. ಕೆಳಗೆ ಆಗದಿದ್ದರೆ ಮುಗಿಯಿತಲ್ಲ, ಮಗ್ಗದ ಮನೆಯಲ್ಲಿ ಅರ್ಧ ನೆಲ ಪಾವಿನ ಕೆಳಗೇ ಇರುವುದು.

ಮರುದಿನ ಬೆಳಿಗ್ಗೆ ನಾನು ಬಟ್ಟೆ ಬಕೆಟ್ಟು ಹಿಡಿದು ಮಗ್ಗದ ಮನೆಗೆ ಹೋದರೆ, ಮಾವ ಆಗಲೇ ಅಲ್ಲಿ ನಿಂತಿದ್ದರು. ಆ ಹೊತ್ತಿನಲ್ಲಿ ಅವರು ಯಾವತ್ತೂ ಬೀದಿ ತುದಿಯ ಟೀ ಅಂಗಡಿಯಲ್ಲಿರುತ್ತಾರೆ. ಒರೆಸಿ ದೀಪ ಹಚ್ಚಿದ ಮೇಲೆಯೇ ಒಳಗೆ ಬರುವುದು ವಾಡಿಕೆ. ಪಂಚೆ ಎತ್ತಿ ಕಟ್ಟಿದ್ದರು. ಆವಿ ತಾಗದಂತೆ ಪಾವಿನ ಅಂಚಿಗೆ ಉದ್ದಕ್ಕೂ ಅತ್ತೆಯ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಗ್ರೈಂಡರಿನ ಪ್ಲಗ್ಗಿನಿಂದ ವೈರು ಎಳೆದು ತಂದು, ಆವಿಕೋಲನ್ನು ಗೋಡೆಗೆ ನಿಲ್ಲಿಸಿದ್ದರು.

"ನಿಮ್ಮತ್ತೆನ ಕರಿ" ಎಂದರು.

ಅತ್ತೆ ಜಗುಲಿಯಿಂದ ಗೋಡೆ ಹಿಡಿದುಕೊಂಡು ಬಂದರು. ಕೋಲನ್ನು ನೋಡಿದರು, ಸೀರೆಯನ್ನು ನೋಡಿದರು. "ಪಾವು?" ಎಂದರು.

"ಈ ಕಡೆ ನೀನು ಕೋಲಲ್ಲಿ ಒರೆಸು. ಏನೂ ಆಗಾಕಿಲ್ಲ, ನೋಡಿದೀನಿ" ಎಂದರು ಮಾವ. "ಪಾವಿನ ಕೆಳಗೆ ನಾನು ಬಟ್ಟೇಲಿ ಒರೆಸ್ತೀನಿ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದೆ. ಅತ್ತೆ ಅದನ್ನು ನನ್ನಿಂದ ತೆಗೆದುಕೊಂಡು, ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಮಾವನ ಕೈಗೆ ಕೊಟ್ಟರು. ಆಮೇಲೆ ಕೋಲು ಹಿಡಿದು ನೆಟ್ಟಗೆ ನಿಂತರು. ಬಿಳಿ ಆವಿ ಕೋಲಿನ ಪಾದದ ಸುತ್ತ ಹೊರಟಿತು. ಕೋಲಿನಲ್ಲೂ ಅದೇ ಅರ್ಧ ಚಂದ್ರ, ಒಂದು ಹೆಜ್ಜೆ ಹಿಂದೆ, ಮತ್ತೆ ಅರ್ಧ ಚಂದ್ರ. ನರಳಿಕೆ ಇಲ್ಲ. ಮಾವ ಬಗ್ಗಿ, ಕೈಯೂರಿ, ತಮ್ಮ ಪಾವಿನ ಕೆಳಗೆ ತೂರಿದರು. ಬದುಕಿಡೀ ಅದರ ಮೇಲೆ ಕೆಲಸ ಮಾಡಿದವರು ಅದರ ಕೆಳಗೆ ಹೋದದ್ದು ಅವತ್ತೇ ಮೊದಲು.

ಅವರು ಆಚೆ ಕಡೆಯಿಂದ ಈಚೆಗೆ ಬರುವ ಹೊತ್ತಿಗೆ ಅತ್ತೆಯದು ಮುಗಿದು ನೆಲ ಒಣಗಿಯೂ ಆಗಿತ್ತು. ಮಾವ ತಲೆತುಂಬ ನೂಲಿನ ನವಿರು ಮೆತ್ತಿಕೊಂಡು ಹೊರಗೆ ಬಂದು, ಏಳಲಾರದೆ ಹಾಗೇ ನೆಲದ ಮೇಲೆ ಕೂತು ಏದುಸಿರು ಬಿಟ್ಟರು. ಮೇಲೆ ನೋಡಿದರು. ಅತ್ತೆ ಕೋಲು ಹಿಡಿದು ನಿಂತೇ ಇದ್ದರು.

"ದಿನಾ ಇದ ಮಾಡ್ತಿದ್ಯಾ ನೀನು?" ಎಂದರು.

"ಊಂ. ನೀವು ಟೀ ಕುಡ್ದು ಬರೋದ್ರೊಳಗೆ."

ಮಾವ ಕೈ ಚಾಚಿದರು. ಅತ್ತೆ ಕೋಲನ್ನು ನನಗೆ ಕೊಟ್ಟು, ಅವರ ಕೈ ಹಿಡಿದು ಎಬ್ಬಿಸಿದರು. ದೀಪ ಹಚ್ಚಿ, ತಿರುಗಿ ನನ್ನನ್ನು ನೋಡಿ, "ಸಾರಿಗೆ ನೆನ್ನೆ ಉಪ್ಪು ಜಾಸ್ತಿ ಆಗಿತ್ತು ಕಣೇ" ಎಂದರು. ಬೈಸಿಕೊಂಡು ನಾನು ಅಷ್ಟು ಸಂತೋಷಪಟ್ಟದ್ದು ಬೇರೆ ಯಾವತ್ತೂ ಇಲ್ಲ.

ಇವತ್ತಿಗೂ ನಮ್ಮ ಮಗ್ಗದ ಮನೆಯನ್ನು ಇಬ್ಬರೂ ಸೇರಿಯೇ ಒರೆಸುತ್ತಾರೆ. ಮಾವನ ಟೀ ಆಮೇಲೆ. ಅಡುಗೆಮನೆ, ಬಚ್ಚಲು, ಕಿಟಕಿ, ಒಲೆ ಎಲ್ಲ ನನ್ನದು. ಕೋಲು ಕಳಚಿ ಕೊಕ್ಕು ಸಿಕ್ಕಿಸುವುದರಲ್ಲಿ ನನ್ನನ್ನು ಮೀರಿಸುವವರು ಸೇಲಂ ಜಿಲ್ಲೆಯಲ್ಲಿ ಇಲ್ಲ. ಬೇರೆ ಊರಿನ ನೆಂಟರು ಬಂದಾಗ, ಇಷ್ಟು ಓದಿದ ಸೊಸೆಗೂ ಮಗ್ಗದ ಮನೆ ಒರೆಸುವ ಅಧಿಕಾರ ಇನ್ನೂ ಬಂದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ. ತಡವಾಗಲಿ. ಬಹಳ ತಡವಾಗಲಿ ಎಂದು ದಿನಾ ಆ ಗೂಡಿನ ದೀಪಕ್ಕೆ ಕೈಮುಗಿಯುತ್ತೇನೆ, ಹೊಸಿಲಿನಿಂದಲೇ.